ಸಂಶೋಧನಾ ಪ್ರಕಟಣೆಗಳಲ್ಲಿ ಕೃತಿಚೌರ್ಯ: ತಡೆಗಟ್ಟುವ ಕ್ರಮಗಳು ಹಾಗೂ ದೂರು ಸಲ್ಲಿಸುವ ವಿಧಾನ

1. ಪ್ರಸ್ತಾವನೆ

ಸಂಶೋಧನಾ ಲೇಖನ ಹಾಗೂ ಮಹಾಪ್ರಬಂಧಗಳಲ್ಲಿ ಕೃತಿಚೌರ್ಯ ನಡೆದಿದೆ ಎಂಬ ದೂರುಗಳಿಗೆ ಸಂಬಂಧಿಸಿದ ನಿಯಮಗಳನ್ನು ವಿದ್ಯಾರ್ಥಿಗಳು, ಅಧ್ಯಾಪಕರು, ಲೇಖಕರು ಮತ್ತು ಸಾರ್ವಜನಿಕರ ತಿಳುವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ. ತಮ್ಮ ಬರಹವನ್ನು ಬೇರೊಬ್ಬರು ಬಳಸಿಕೊಂಡಿದ್ದಾರೆ ಎಂದು ದೂರು ಸಲ್ಲಿಸಬಯಸುವವರು ಹಾಗೂ ಅಂತಹ ದೂರಿಗೆ ಉತ್ತರ ನೀಡಬೇಕಾದವರು, ಇಬ್ಬರಿಗೂ ಈ ಮಾಹಿತಿಯು ಉಪಯುಕ್ತವಾಗಿರುತ್ತದೆ.

ಕೃತಿಚೌರ್ಯದಿಂದ ಆಗುವ ನಷ್ಟವು ಎರಡು ಬಗೆಯದು. ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿ ಬರೆದವರ ಶ್ರಮಕ್ಕೆ ಮತ್ತೊಬ್ಬರು ಹೆಸರು, ಪದವಿ ಮತ್ತು ಬಡ್ತಿ ಪಡೆಯುವುದು ಮೊದಲನೆಯದು. ಸರಿಯಾಗಿ ಪರಿಶೀಲಿಸದ ಆರೋಪದಿಂದ ಪ್ರಾಮಾಣಿಕ ಸಂಶೋಧಕರ ನೋಂದಣಿ ಮತ್ತು ಉದ್ಯೋಗ ಅಪಾಯಕ್ಕೆ ಒಳಗಾಗುವುದು ಎರಡನೆಯದು. ಆದ್ದರಿಂದ ಒಂದು ವಿಷಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಲಾಗಿದೆ: ತಂತ್ರಾಂಶವು ತೋರಿಸುವ ಶೇಕಡಾವಾರು ಸಂಖ್ಯೆಯು ಪರಿಶೀಲನೆಯ ಆರಂಭವೇ ಹೊರತು ತೀರ್ಮಾನವಲ್ಲ. ತೀರ್ಮಾನ ಕೈಗೊಳ್ಳತಕ್ಕದ್ದು ದಾಖಲೆಗಳನ್ನು ಓದಿ, ಉಭಯ ಪಕ್ಷಗಳ ಹೇಳಿಕೆಯನ್ನು ಆಲಿಸಿದ ಸಮಿತಿ.

2. ಅನ್ವಯವಾಗುವ ನಿಯಮ

ಯು.ಜಿ.ಸಿ. ಎಂದು ಪರಿಚಿತವಾಗಿರುವ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಉತ್ತೇಜನ ಹಾಗೂ ಕೃತಿಚೌರ್ಯ ತಡೆಗೆ ಸಂಬಂಧಿಸಿದ ವಿನಿಯಮಗಳನ್ನು 2018ರ ಜುಲೈ ತಿಂಗಳಿನಲ್ಲಿ ಹೊರಡಿಸಿದೆ. ಮತ್ತೊಬ್ಬರ ಕೃತಿಯನ್ನು ಅಥವಾ ವಿಚಾರವನ್ನು ತೆಗೆದುಕೊಂಡು ತನ್ನದೆಂದು ಬಿಂಬಿಸುವುದು ಕೃತಿಚೌರ್ಯ ಎಂಬುದು ಇದರ ವ್ಯಾಖ್ಯೆ. ವ್ಯಾಖ್ಯೆಯು ಪದಗಳಿಗಷ್ಟೇ ಸೀಮಿತವಾಗಿಲ್ಲ, ವಿಚಾರವನ್ನೂ ಒಳಗೊಂಡಿದೆ ಎಂಬುದನ್ನು ಗಮನಿಸತಕ್ಕದ್ದು. ವಾಕ್ಯಗಳನ್ನು ಹಿಂದು ಮುಂದು ಮಾಡಿ ಬರೆದರೂ, ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಮೂಲವನ್ನು ಹೇಳದಿದ್ದರೂ ದೋಷವು ಉಳಿದೇ ಇರುತ್ತದೆ.

ಈ ವಿನಿಯಮಗಳು ಸಂಶೋಧನಾ ಲೇಖನ, ಮಹಾಪ್ರಬಂಧ, ಗ್ರಂಥಗಳ ಅಧ್ಯಾಯ ಮತ್ತು ಪೂರ್ಣ ಗ್ರಂಥಗಳಿಗೆ ಅನ್ವಯವಾಗುತ್ತವೆ. ತರಗತಿಯ ನಿಯೋಜಿತ ಬರಹ, ಪ್ರಾಜೆಕ್ಟ್ ವರದಿ ಮತ್ತು ಉತ್ತರ ಪತ್ರಿಕೆಗಳು ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಲೇಖಕರು ಈ ಹಿಂದೆ ಪ್ರಕಟಿಸಿದ ತಮ್ಮದೇ ಬರಹವನ್ನು ಉಲ್ಲೇಖವಿಲ್ಲದೆ ಹೊಸದೆಂದು ಮತ್ತೆ ಪ್ರಕಟಿಸಿ ಶೈಕ್ಷಣಿಕ ಲಾಭ ಪಡೆಯುವುದು ಸಹ ಒಪ್ಪತಕ್ಕದ್ದಲ್ಲ ಎಂದು ಆಯೋಗವು 2020ರ ಏಪ್ರಿಲ್ ತಿಂಗಳಿನಲ್ಲಿ ಪ್ರಕಟಣೆಯ ಮೂಲಕ ತಿಳಿಸಿದೆ. ಒಂದೇ ಲೇಖನವನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸುವುದು ಹಾಗೂ ಒಂದೇ ಅಧ್ಯಯನವನ್ನು ಅನಗತ್ಯವಾಗಿ ತುಂಡು ಮಾಡಿ ಹಲವು ಲೇಖನಗಳೆಂದು ತೋರಿಸುವುದು ಇದರಲ್ಲಿ ಸೇರಿವೆ.

3. ಹೋಲಿಕೆ ವರದಿಯನ್ನು ಓದುವ ಕ್ರಮ

ವಿಶ್ವವಿದ್ಯಾಲಯದ ಗ್ರಂಥಾಲಯ ಅಥವಾ ವಿದ್ವತ್ ಪತ್ರಿಕೆಯ ಕಚೇರಿಯು ಬರಹವನ್ನು ತಂತ್ರಾಂಶದ ಮೂಲಕ ಪರಿಶೀಲಿಸಿ ಹೋಲಿಕೆ ವರದಿಯನ್ನು ನೀಡುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿಶ್ವವಿದ್ಯಾಲಯಗಳಿಗೆ ಇಂತಹ ತಂತ್ರಾಂಶವನ್ನು ಒದಗಿಸುವ ಶೋಧಶುದ್ಧಿ ಕಾರ್ಯಕ್ರಮವನ್ನು 2019ರಲ್ಲಿ ಆರಂಭಿಸಿತು. ಪರಿಶೀಲಿಸುವಾಗ ಈ ಕೆಳಕಂಡ ಭಾಗಗಳನ್ನು ಲೆಕ್ಕದಿಂದ ಹೊರಗಿಡತಕ್ಕದ್ದು:

(ಅ) ಅಗತ್ಯ ಅನುಮತಿ ಅಥವಾ ಮೂಲದ ಉಲ್ಲೇಖದೊಂದಿಗೆ ಉದ್ಧರಿಸಿದ ಭಾಗ.
(ಆ) ಆಕರ ಸೂಚಿ, ಗ್ರಂಥಋಣ, ಪರಿವಿಡಿ, ಮುನ್ನುಡಿ ಮತ್ತು ಕೃತಜ್ಞತೆಗಳು.
(ಇ) ಸಾಮಾನ್ಯ ಪಾರಿಭಾಷಿಕ ಪದಗಳು, ಕಾನೂನುಗಳು, ರೂಢಿಯ ಸಂಕೇತಗಳು ಮತ್ತು ಸಮೀಕರಣಗಳು.
(ಈ) ಸಾಮಾನ್ಯ ಜ್ಞಾನಕ್ಕೆ ಸೇರಿದ ಅಥವಾ ಆಕಸ್ಮಿಕವಾಗಿ ಹೊಂದುವ, ಸತತ 14 ಪದಗಳವರೆಗಿನ ಭಾಗ.

ಹೀಗೆ ಹೊರಗಿಟ್ಟ ನಂತರ ಉಳಿಯುವ ಹೋಲಿಕೆಯನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ.

ಶೂನ್ಯ ಹಂತ: ಶೇ. 10ರವರೆಗೆ. ಅಲ್ಪ ಹೋಲಿಕೆ, ದಂಡನೆ ಇರುವುದಿಲ್ಲ.
ಮೊದಲನೆಯ ಹಂತ: ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ.
ಎರಡನೆಯ ಹಂತ: ಶೇ. 40ಕ್ಕಿಂತ ಹೆಚ್ಚು, ಶೇ. 60ರವರೆಗೆ.
ಮೂರನೆಯ ಹಂತ: ಶೇ. 60ಕ್ಕಿಂತ ಹೆಚ್ಚು.

ಉದಾಹರಣೆ: 3,000 ಪದಗಳ ಲೇಖನವೊಂದರಲ್ಲಿ 900 ಪದಗಳು ಬೇರೆಡೆ ಇರುವ ಬರಹದೊಂದಿಗೆ ಹೊಂದುತ್ತವೆ ಎಂದು ತಂತ್ರಾಂಶವು ತೋರಿಸಿದೆ ಎಂದಿಟ್ಟುಕೊಳ್ಳೋಣ. ಇದು ಶೇ. 30 ಆಗುತ್ತದೆ. ವರದಿಯನ್ನು ತೆರೆದು ನೋಡಿದಾಗ ಅದರಲ್ಲಿ 500 ಪದಗಳು ಆಕರ ಸೂಚಿಗೂ 250 ಪದಗಳು ಮೂಲವನ್ನು ತಿಳಿಸಿ ಉದ್ಧರಿಸಿದ ವಚನಗಳಿಗೂ ಸೇರಿವೆ. ಉಳಿಯುವುದು 150 ಪದಗಳು ಮಾತ್ರ. ಇದು ಶೇ. 10ಕ್ಕಿಂತ ಕಡಿಮೆಯಾದ ಕಾರಣ ಲೇಖನವು ಶೂನ್ಯ ಹಂತಕ್ಕೆ ಬರುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಮತ್ತೊಂದು ಲೇಖನದ ಹೋಲಿಕೆ ಶೇ. 4 ಮಾತ್ರ. ಆದರೆ ಆ ಶೇ. 4ರಲ್ಲಿ ಇರುವುದು ಬೇರೊಬ್ಬರು ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಅಂಕಿಅಂಶಗಳ ಕೋಷ್ಟಕ. ಅದರ ಕೆಳಗೆ ಮೂಲದ ಹೆಸರಿಲ್ಲ. ಸಂಖ್ಯೆಯು ಚಿಕ್ಕದಾದರೂ ಲೇಖನದ ತಿರುಳೇ ಮತ್ತೊಬ್ಬರದು. ಶೇ. 10ರವರೆಗೆ ನಕಲು ಮಾಡಲು ಅನುಮತಿ ಇದೆ ಎಂಬ ತಿಳುವಳಿಕೆಯು ತಪ್ಪು. ಶೂನ್ಯ ಹಂತವು ಅಲ್ಪ ಹೋಲಿಕೆಗೆ ನೀಡಿದ ವಿನಾಯಿತಿಯೇ ಹೊರತು ಮೂಲವನ್ನು ಮರೆಮಾಚಲು ನೀಡಿದ ಪರವಾನಗಿಯಲ್ಲ.

4. ಕನ್ನಡ ಬರಹಗಳಿಗೆ ಸಂಬಂಧಿಸಿದ ವಿಶೇಷ ಸೂಚನೆ

ಕನ್ನಡದಲ್ಲಿ ಸಲ್ಲಿಸುವ ಮಹಾಪ್ರಬಂಧ ಮತ್ತು ಲೇಖನಗಳ ವಿಷಯದಲ್ಲಿ ಹೋಲಿಕೆ ವರದಿಯನ್ನು ಹೆಚ್ಚಿನ ಎಚ್ಚರಿಕೆಯಿಂದ ನೋಡತಕ್ಕದ್ದು. ಕಾರಣಗಳು ಕೆಳಕಂಡಂತಿವೆ.

(ಅ) ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದೊಳಗೆ ಯೂನಿಕೋಡ್ ಸಂಕೇತದಲ್ಲಿ ಇರುವುದಿಲ್ಲ. ತಂತ್ರಾಂಶವು ಅವುಗಳನ್ನು ಅರ್ಥವಿಲ್ಲದ ರೋಮನ್ ಅಕ್ಷರಗಳೆಂದು ಓದುತ್ತದೆ. ಇಂತಹ ಕಡತಕ್ಕೆ ಬರುವ ಶೂನ್ಯ ಹೋಲಿಕೆಯು ಬರಹದ ಸ್ವಂತಿಕೆಗೆ ಪ್ರಮಾಣವಾಗುವುದಿಲ್ಲ. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ನೋಡಿದ ನಂತರವೇ ಪರಿಶೀಲನೆಗೆ ನೀಡುವುದು.

(ಆ) ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರರೂಪದಲ್ಲಿ ಇರಿಸಿದ ಹಳೆಯ ಗ್ರಂಥಗಳು ಹಾಗೂ ಅಂತರಜಾಲಕ್ಕೆ ಬಾರದ ಮುದ್ರಿತ ಗ್ರಂಥಗಳು ತಂತ್ರಾಂಶದ ಗಮನಕ್ಕೆ ಬಾರದೆ ಉಳಿಯಬಹುದು. ಈ ಬಗೆಯ ನಕಲನ್ನು ಕಂಡುಹಿಡಿಯಲು ವಿಷಯ ಬಲ್ಲ ಪರೀಕ್ಷಕರ ಓದೇ ಆಧಾರ.

(ಇ) ವಚನ, ಕೀರ್ತನೆ, ಶಾಸನ ಪಾಠ ಮತ್ತು ಜಾನಪದ ಹಾಡುಗಳನ್ನು ಅಧ್ಯಯನ ಮಾಡುವ ಬರಹಗಳಲ್ಲಿ ಉದ್ಧರಣೆಗಳು ಸಹಜವಾಗಿಯೇ ಅಧಿಕ. ಉದ್ಧರಣ ಚಿಹ್ನೆ ಅಥವಾ ಪ್ರತ್ಯೇಕ ಖಂಡ, ಮೂಲದ ಸಂಪುಟ ಹಾಗೂ ಪುಟ ಸಂಖ್ಯೆ ಇದ್ದಲ್ಲಿ ಇವು ಕೃತಿಚೌರ್ಯವಾಗುವುದಿಲ್ಲ. ಹನ್ನೆರಡನೆಯ ಶತಮಾನದ ವಚನಕ್ಕೆ ಹಕ್ಕುಸ್ವಾಮ್ಯ ಇಲ್ಲದಿರಬಹುದು. ಆದರೆ ಯಾವ ಆವೃತ್ತಿಯಿಂದ ಪಾಠವನ್ನು ತೆಗೆದುಕೊಳ್ಳಲಾಗಿದೆ ಎಂದು ತಿಳಿಸುವುದು ಕರ್ತವ್ಯ. ಸಂಪಾದಕರ ಟಿಪ್ಪಣಿ ಮತ್ತು ವ್ಯಾಖ್ಯಾನಗಳು ಅವರವರ ಶ್ರಮದ ಫಲ.

(ಈ) ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದೊಂದಿಗೆ ಸೇರಿಕೊಳ್ಳುವುದರಿಂದ, ಇಂಗ್ಲಿಷಿನಲ್ಲಿ ಹಲವು ಪದಗಳಾಗುವ ಮಾತು ಒಂದೆರಡು ಪದಗಳಲ್ಲಿ ಮುಗಿಯುತ್ತದೆ. 14 ಪದಗಳೆಂದರೆ ಕನ್ನಡದಲ್ಲಿ ಹಲವು ವೇಳೆ ಒಂದು ಪೂರ್ಣ ವಾಕ್ಯವೇ ಆಗಿರುತ್ತದೆ. ಸಮಿತಿಯು ಪದಗಳನ್ನು ಎಣಿಸುವುದರೊಂದಿಗೆ ವಾಕ್ಯದ ಅರ್ಥವನ್ನೂ ನೋಡುವುದು ಸೂಕ್ತ.

5. ಬರಹ ಸಲ್ಲಿಸುವ ಮುನ್ನ ಅನುಸರಿಸಬೇಕಾದ ಕ್ರಮಗಳು

(ಅ) ಟಿಪ್ಪಣಿ ಮಾಡಿಕೊಳ್ಳುವ ದಿನವೇ ಗ್ರಂಥದ ಹೆಸರು, ಲೇಖಕರು, ವರ್ಷ ಮತ್ತು ಪುಟವನ್ನು ಬರೆದಿಟ್ಟುಕೊಳ್ಳುವುದು. ಮೂಲದ ಮಾತನ್ನು ಯಥಾವತ್ತಾಗಿ ಬರೆದುಕೊಂಡಿದ್ದಲ್ಲಿ ಉದ್ಧರಣ ಚಿಹ್ನೆಯೊಳಗೆ ಇರಿಸುವುದು. ತಿಂಗಳುಗಳ ನಂತರ ಟಿಪ್ಪಣಿ ಪುಸ್ತಕವನ್ನು ತೆರೆದಾಗ ಯಾವುದು ಸ್ವಂತ ಮಾತು, ಯಾವುದು ಮೂಲದ ಮಾತು ಎಂದು ತಿಳಿಯದೆ ಆಗುವ ತಪ್ಪುಗಳನ್ನು ಇದರಿಂದ ತಪ್ಪಿಸಬಹುದು.

(ಆ) ಸಾರಾಂಶವನ್ನು ಸ್ವಂತ ಮಾತಿನಲ್ಲಿ ಬರೆದಾಗಲೂ ಮೂಲವನ್ನು ನಮೂದಿಸುವುದು. ಕೋಷ್ಟಕ, ನಕ್ಷೆ ಮತ್ತು ಛಾಯಾಚಿತ್ರಗಳಿಗೂ ಇದು ಅನ್ವಯ.

(ಇ) ಬರಹವು ತಮ್ಮ ಸ್ವಂತದ್ದು ಮತ್ತು ಕೃತಿಚೌರ್ಯದಿಂದ ಮುಕ್ತವಾಗಿದೆ ಎಂದು ವಿದ್ಯಾರ್ಥಿಯು ಮುಚ್ಚಳಿಕೆಯನ್ನು ಬರೆದುಕೊಡಬೇಕಾಗುತ್ತದೆ. ಮಾರ್ಗದರ್ಶಕರೂ ಪ್ರಮಾಣಪತ್ರವನ್ನು ನೀಡಬೇಕಾಗುತ್ತದೆ. ಇವುಗಳನ್ನು ಓದದೆ ಸಹಿ ಮಾಡುವ ರೂಢಿಯನ್ನು ಕೈಬಿಡುವುದು.

(ಈ) ಪತ್ರಿಕೆಯ ಆಯ್ಕೆಯಲ್ಲಿ ಎಚ್ಚರ ವಹಿಸುವುದು. ಯು.ಜಿ.ಸಿ. ಕೇರ್ ಪಟ್ಟಿಯನ್ನು ಸ್ಥಗಿತಗೊಳಿಸಿರುವುದಾಗಿ ಆಯೋಗವು 2025ರ ಫೆಬ್ರುವರಿಯಲ್ಲಿ ಪ್ರಕಟಿಸಿರುವುದರಿಂದ, ಪತ್ರಿಕೆಯು ಆ ಪಟ್ಟಿಯಲ್ಲಿದೆ ಎಂಬ ಜಾಹೀರಾತನ್ನು ನಂಬಿ ಹಣ ಪಾವತಿಸಬಾರದು. ಎಂಟು ಅಂಕಿಗಳ ಐ.ಎಸ್.ಎಸ್.ಎನ್. ಸಂಖ್ಯೆಯು ಪತ್ರಿಕೆಯ ಗುರುತು ಮಾತ್ರ. ಅದು ಗುಣಮಟ್ಟದ ಪ್ರಮಾಣವಲ್ಲ. ಸಂಪಾದಕ ಮಂಡಳಿ, ವಿದ್ವಾಂಸರಿಂದ ಪೂರ್ವಪರಿಶೀಲನೆಯ ಕ್ರಮ ಹಾಗೂ ಕೃತಿಚೌರ್ಯದ ದೂರನ್ನು ನಿರ್ವಹಿಸುವ ನೀತಿಯನ್ನು ಪತ್ರಿಕೆಯು ಬಹಿರಂಗಪಡಿಸಿದೆಯೇ ಎಂದು ನೋಡುವುದು.

(ಉ) ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಬಳಸಿದ್ದಲ್ಲಿ ಅದನ್ನು ಪತ್ರಿಕೆಯ ನಿಯಮದಂತೆ ತಿಳಿಸುವುದು. ಬರಹದ ಹೊಣೆಯನ್ನು ಹೊರಲು ಅಸಮರ್ಥವಾದ ಕಾರಣ ಇಂತಹ ತಂತ್ರಾಂಶವನ್ನು ಲೇಖಕರೆಂದು ಹೆಸರಿಸಲು ಬರುವುದಿಲ್ಲ ಎಂದು ಅಂತರರಾಷ್ಟ್ರೀಯ ಪ್ರಕಟಣಾ ನೀತಿ ಸಮಿತಿಯಾದ ಕೋಪ್ 2023ರಲ್ಲಿ ಸ್ಪಷ್ಟಪಡಿಸಿದೆ.

6. ದೂರು ಸಲ್ಲಿಸುವ ವಿಧಾನ

6.1 ಸಂಸ್ಥೆಗೆ ದೂರು

ಆರೋಪಕ್ಕೆ ಒಳಗಾದವರು ವಿಶ್ವವಿದ್ಯಾಲಯ ಅಥವಾ ಕಾಲೇಜಿನ ವಿದ್ಯಾರ್ಥಿ, ಅಧ್ಯಾಪಕ ಅಥವಾ ಸಿಬ್ಬಂದಿಯಾಗಿದ್ದಲ್ಲಿ ದೂರನ್ನು ಆ ಸಂಸ್ಥೆಗೆ ಸಲ್ಲಿಸುವುದು. ಶೈಕ್ಷಣಿಕ ಸಮುದಾಯದ ಯಾವುದೇ ಸದಸ್ಯರು ಸೂಕ್ತ ಪುರಾವೆಯೊಂದಿಗೆ ವಿಭಾಗ ಮಟ್ಟದ ಶೈಕ್ಷಣಿಕ ಪ್ರಾಮಾಣಿಕತಾ ಸಮಿತಿಗೆ ದೂರು ನೀಡಬಹುದು. ಸಂಸ್ಥೆಯು ಸ್ವಯಂಪ್ರೇರಿತವಾಗಿಯೂ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದಾಗಿದೆ. ಆದ್ದರಿಂದ ಶೈಕ್ಷಣಿಕ ಸಂಸ್ಥೆಗೆ ಸೇರಿರದ ಲೇಖಕರು ತಮ್ಮ ದೂರನ್ನು ಕುಲಸಚಿವರಿಗೆ ಅಥವಾ ಸಂಸ್ಥೆಯ ಮುಖ್ಯಸ್ಥರಿಗೆ ಬರೆಯುವುದು ಸೂಕ್ತ.

ದೂರು ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

(ಅ) ಮೂಲ ಬರಹದ ಪ್ರತಿ. ಪ್ರಕಟವಾದ ಪತ್ರಿಕೆ ಅಥವಾ ಗ್ರಂಥದ ಹೆಸರು, ಸಂಪುಟ, ವರ್ಷ ಮತ್ತು ಪುಟ.
(ಆ) ಆಕ್ಷೇಪಿತ ಬರಹದ ಪ್ರತಿ ಮತ್ತು ಅದೇ ವಿವರಗಳು.
(ಇ) ಎರಡು ಅಂಕಣಗಳ ತುಲನಾ ಪಟ್ಟಿ. ಎಡಭಾಗದಲ್ಲಿ ಮೂಲದ ವಾಕ್ಯ ಮತ್ತು ಪುಟ; ಬಲಭಾಗದಲ್ಲಿ ಆಕ್ಷೇಪಿತ ವಾಕ್ಯ ಮತ್ತು ಪುಟ.
(ಈ) ಮೂಲ ಬರಹವೇ ಮೊದಲಿನದು ಎಂದು ತೋರಿಸುವ ದಾಖಲೆ: ಪ್ರಕಟಣೆಯ ದಿನಾಂಕ, ಸಂಪಾದಕರ ಪತ್ರ, ಕ್ಷೇತ್ರಕಾರ್ಯದ ಟಿಪ್ಪಣಿ ಇತ್ಯಾದಿ.

"ನನ್ನ ಲೇಖನವನ್ನು ಪೂರ್ತಿ ಕದ್ದಿದ್ದಾರೆ" ಎಂದಷ್ಟೇ ಬರೆದ ಅರ್ಜಿಯಿಂದ ಸಮಿತಿಯು ಮುಂದುವರಿಯುವುದು ಕಷ್ಟ. ವಿಚಾರ ಅಥವಾ ಅನುವಾದದ ಕೃತಿಚೌರ್ಯದಲ್ಲಿ ಹೋಲಿಕೆಯ ಶೇಕಡಾವಾರು ಕಡಿಮೆ ಇರುವ ಸಾಧ್ಯತೆ ಇರುವುದರಿಂದ ತುಲನಾ ಪಟ್ಟಿಯೇ ಮುಖ್ಯ ಪುರಾವೆಯಾಗುತ್ತದೆ. ಪದವಿ ಪ್ರದಾನವಾದ ಒಂದು ತಿಂಗಳೊಳಗೆ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಶೋಧಗಂಗಾ ಭಂಡಾರಕ್ಕಾಗಿ ಸಲ್ಲಿಸಬೇಕೆಂಬ ನಿಯಮವಿದೆ. ಅಲ್ಲಿ ಲಭ್ಯವಿರುವ ಮಹಾಪ್ರಬಂಧಗಳನ್ನು ಸಾರ್ವಜನಿಕರು ಉಚಿತವಾಗಿ ಓದಿ ತುಲನೆ ಮಾಡಬಹುದಾಗಿದೆ. ಅರ್ಜಿಯನ್ನು ಖುದ್ದಾಗಿ ನೀಡಿದಲ್ಲಿ ಸ್ವೀಕೃತಿಯನ್ನು ಪಡೆಯುವುದು. ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿದಲ್ಲಿ ರಸೀದಿಯನ್ನು ಕಾಯ್ದಿರಿಸುವುದು.

6.2 ವಿದ್ವತ್ ಪತ್ರಿಕೆಗೆ ದೂರು

ಲೇಖನವು ಪತ್ರಿಕೆಯಲ್ಲಿ ಪ್ರಕಟವಾಗಿದ್ದಲ್ಲಿ ಸಂಪಾದಕರಿಗೂ ದೂರು ನೀಡುವುದು. ಸಂಸ್ಥೆಯು ವ್ಯಕ್ತಿಯ ಮೇಲೆ ಕ್ರಮ ಕೈಗೊಳ್ಳಬಲ್ಲದು. ಪ್ರಕಟವಾದ ಲೇಖನದ ದಾಖಲೆಯನ್ನು ಸರಿಪಡಿಸುವುದು ಪತ್ರಿಕೆಯ ಕೆಲಸ. 1997ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಕೋಪ್ ಸಮಿತಿಯ ಮಾರ್ಗಸೂಚಿಯಂತೆ ಸಂಪಾದಕರು ಎರಡೂ ಬರಹಗಳನ್ನು ತುಲನೆ ಮಾಡಿ, ಲೇಖಕರಿಂದ ಲಿಖಿತ ವಿವರಣೆಯನ್ನು ಕೇಳುತ್ತಾರೆ. ದೋಷವು ಅಲ್ಪವಾಗಿದ್ದಲ್ಲಿ ತಿದ್ದುಪಡಿಯನ್ನು ಪ್ರಕಟಿಸುತ್ತಾರೆ. ಗಂಭೀರವಾಗಿದ್ದು ವಿವರಣೆ ತೃಪ್ತಿಕರವಲ್ಲದಿದ್ದಲ್ಲಿ ಲೇಖನವನ್ನು ಹಿಂತೆಗೆದುಕೊಂಡು, ಅದರ ಕಾರಣವನ್ನು ಪ್ರಕಟಿಸಿ, ಲೇಖಕರ ಸಂಸ್ಥೆಗೆ ತಿಳಿಸಬಹುದು.

ಹಿಂತೆಗೆದುಕೊಂಡ ಲೇಖನವನ್ನು ಸಾಮಾನ್ಯವಾಗಿ ಅಳಿಸಿಹಾಕುವುದಿಲ್ಲ. ಹಿಂತೆಗೆದುಕೊಳ್ಳಲಾಗಿದೆ ಎಂಬ ಗುರುತಿನೊಂದಿಗೆ ಅದು ದಾಖಲೆಯಲ್ಲಿ ಉಳಿಯುತ್ತದೆ. ಮುಂದಿನ ಓದುಗರು ಅದನ್ನು ಆಧಾರವಾಗಿ ಬಳಸದಿರಲಿ ಎಂಬುದು ಇದರ ಉದ್ದೇಶ. ಕೋಪ್ ಸದಸ್ಯ ಪತ್ರಿಕೆಯು ದೂರನ್ನು ಸರಿಯಾಗಿ ನಿರ್ವಹಿಸದಿದ್ದಲ್ಲಿ, ಆ ಪತ್ರಿಕೆಯ ದೂರು ಪ್ರಕ್ರಿಯೆಯು ಪೂರ್ಣಗೊಂಡ ನಂತರ ಕೋಪ್ ಸಮಿತಿಯ ಗಮನಕ್ಕೆ ತರಬಹುದು. ಮೂಲ ಆರೋಪವನ್ನು ಆ ಸಮಿತಿಯು ತಾನೇ ತನಿಖೆ ಮಾಡುವುದಿಲ್ಲ.

6.3 ನ್ಯಾಯಾಲಯದ ಪರಿಹಾರ

ಕೃತಿಚೌರ್ಯ ಮತ್ತು ಹಕ್ಕುಸ್ವಾಮ್ಯ ಉಲ್ಲಂಘನೆ ಎರಡೂ ಒಂದೇ ಅಲ್ಲ. ಹಕ್ಕುಸ್ವಾಮ್ಯ ಅಧಿನಿಯಮ, 1957 ವಿಚಾರಕ್ಕೆ ರಕ್ಷಣೆ ನೀಡುವುದಿಲ್ಲ. ಅದನ್ನು ವ್ಯಕ್ತಪಡಿಸಿದ ಬರಹಕ್ಕೆ ರಕ್ಷಣೆ ನೀಡುತ್ತದೆ. ಸಾಹಿತ್ಯ ಕೃತಿಗಳಿಗೆ ಈ ರಕ್ಷಣೆಯು ಸಾಮಾನ್ಯವಾಗಿ ಲೇಖಕರ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಇರುತ್ತದೆ. ಹಕ್ಕುಸ್ವಾಮ್ಯವನ್ನು ಪತ್ರಿಕೆಗೆ ಬರೆದುಕೊಟ್ಟ ನಂತರವೂ ಕೃತಿಯು ತಮ್ಮದೆಂದು ಹೇಳಿಕೊಳ್ಳುವ ಹಕ್ಕು ಲೇಖಕರಲ್ಲಿಯೇ ಉಳಿಯುತ್ತದೆ (ಪ್ರಕರಣ 57). ಲೇಖಕರು ತಾವು ವಾಸಿಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ಅವಕಾಶವಿದೆ (ಪ್ರಕರಣ 62). ಈ ಮಾರ್ಗವನ್ನು ಅನುಸರಿಸುವ ಮುನ್ನ ವಕೀಲರ ಸಲಹೆಯನ್ನು ಪಡೆಯುವುದು.

7. ವಿಚಾರಣೆಯ ಹಂತಗಳು ಮತ್ತು ಕಾಲಮಿತಿ

ವಿಭಾಗ ಮಟ್ಟದ ಸಮಿತಿಯಲ್ಲಿ ಮೂವರು ಇರುತ್ತಾರೆ: ಅಧ್ಯಕ್ಷರಾಗಿ ವಿಭಾಗದ ಮುಖ್ಯಸ್ಥರು, ವಿಭಾಗದ ಹೊರಗಿನ ಒಬ್ಬ ಹಿರಿಯ ವಿದ್ವಾಂಸರು ಮತ್ತು ಪತ್ತೆ ತಂತ್ರಾಂಶಗಳನ್ನು ಬಲ್ಲ ಒಬ್ಬರು. ಈ ಸಮಿತಿಯು ದೂರು ಬಂದ 45 ದಿನಗಳೊಳಗೆ ಶಿಫಾರಸು ಸಹಿತ ವರದಿಯನ್ನು ಸಂಸ್ಥಾ ಮಟ್ಟದ ಸಮಿತಿಗೆ ನೀಡಬೇಕು.

ಸಂಸ್ಥಾ ಮಟ್ಟದ ಸಮಿತಿಯಲ್ಲಿ ನಾಲ್ವರು ಇರುತ್ತಾರೆ. ಅವರಲ್ಲಿ ಒಬ್ಬರು ಸಂಸ್ಥೆಯ ಹೊರಗಿನವರು. ಈ ಸಮಿತಿಯು ಶಿಫಾರಸು ತಲುಪಿದ 45 ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರಿಗೆ ವರದಿಯನ್ನು ಸಲ್ಲಿಸಬೇಕು. ವರದಿಯ ಪ್ರತಿಯನ್ನು ಆರೋಪಕ್ಕೆ ಒಳಗಾದವರಿಗೂ ನೀಡತಕ್ಕದ್ದು. ಎರಡೂ ಸಮಿತಿಗಳಿಗೆ ಒಬ್ಬರೇ ಅಧ್ಯಕ್ಷರಾಗಿರುವಂತಿಲ್ಲ. ಆರೋಪವು ಸಮಿತಿಯ ಸದಸ್ಯರ ಮೇಲೆಯೇ ಇದ್ದಲ್ಲಿ ಅವರು ಆ ಸಭೆಗಳಿಂದ ದೂರವಿರತಕ್ಕದ್ದು. ಸಂಸ್ಥೆಯ ಮುಖ್ಯಸ್ಥರ ಮೇಲಿನ ದೂರನ್ನು ಅವರ ಮೇಲಿನ ನಿಯಂತ್ರಣ ಪ್ರಾಧಿಕಾರವು ನಿರ್ವಹಿಸುತ್ತದೆ.

8. ದಂಡನೆಗಳು

ಮಹಾಪ್ರಬಂಧಗಳಿಗೆ: ಮೊದಲನೆಯ ಹಂತದಲ್ಲಿ 6 ತಿಂಗಳು ಮೀರದ ಅವಧಿಯೊಳಗೆ ಪರಿಷ್ಕೃತ ಪ್ರತಿಯನ್ನು ಸಲ್ಲಿಸಲು ಸೂಚಿಸಲಾಗುವುದು. ಎರಡನೆಯ ಹಂತದಲ್ಲಿ 1 ವರ್ಷದವರೆಗೆ ಪರಿಷ್ಕೃತ ಪ್ರತಿಯನ್ನು ಸಲ್ಲಿಸದಂತೆ ನಿರ್ಬಂಧಿಸಲಾಗುವುದು. ಮೂರನೆಯ ಹಂತದಲ್ಲಿ ನೋಂದಣಿಯನ್ನು ರದ್ದುಪಡಿಸಲಾಗುವುದು.

ಲೇಖನ ಮತ್ತು ಗ್ರಂಥಗಳಿಗೆ: ಮೊದಲನೆಯ ಹಂತದಲ್ಲಿ ಬರಹವನ್ನು ಹಿಂಪಡೆಯಲು ಸೂಚಿಸಲಾಗುವುದು. ಎರಡನೆಯ ಹಂತದಲ್ಲಿ ಇದರೊಂದಿಗೆ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿದು, 2 ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗದಂತೆ ನಿರ್ಬಂಧಿಸಲಾಗುವುದು. ಮೂರನೆಯ ಹಂತದಲ್ಲಿ ಸತತ ಎರಡು ವೇತನ ಬಡ್ತಿಗಳು ಹಾಗೂ 3 ವರ್ಷಗಳ ಮಾರ್ಗದರ್ಶನದ ಅವಕಾಶವು ತಪ್ಪುತ್ತದೆ.

ತಪ್ಪು ಪುನರಾವರ್ತನೆಯಾದಲ್ಲಿ ಒಂದು ಹಂತ ಮೇಲಿನ ದಂಡನೆಯು ಅನ್ವಯವಾಗುತ್ತದೆ. ಪದವಿ ನೀಡಿದ ನಂತರ ಕೃತಿಚೌರ್ಯವು ಸಾಬೀತಾದಲ್ಲಿ, ಸಂಸ್ಥಾ ಮಟ್ಟದ ಸಮಿತಿಯು ಶಿಫಾರಸು ಮಾಡಿ ಮುಖ್ಯಸ್ಥರು ಅನುಮೋದಿಸಿದ ಅವಧಿಗೆ ಪದವಿಯನ್ನು ಅಮಾನತಿನಲ್ಲಿಡಬಹುದು.

9. ಆರೋಪಕ್ಕೆ ಒಳಗಾದವರ ಹಕ್ಕುಗಳು

ತಪ್ಪು ನಿಸ್ಸಂದೇಹವಾಗಿ ಸಾಬೀತಾಗಿ, ಮೇಲ್ಮನವಿಯ ಎಲ್ಲ ಅವಕಾಶಗಳು ಮುಗಿದು, ಪಾರದರ್ಶಕ ರೀತಿಯಲ್ಲಿ ಸಮರ್ಥನೆಗೆ ಸಾಕಷ್ಟು ಅವಕಾಶ ನೀಡಿದ ನಂತರವೇ ದಂಡನೆಯನ್ನು ವಿಧಿಸತಕ್ಕದ್ದು ಎಂದು ವಿನಿಯಮಗಳು ಹೇಳುತ್ತವೆ. ದೂರು ಬಂದಿದೆ ಎಂಬ ಕಾರಣಕ್ಕೆ ಯಾರನ್ನೂ ತಪ್ಪಿತಸ್ಥರೆಂದು ಪರಿಗಣಿಸುವಂತಿಲ್ಲ.

ನೋಟಿಸು ತಲುಪಿದವರು ಗಾಬರಿಗೊಳ್ಳದೆ, ಮೌನವಾಗಿಯೂ ಇರದೆ, ಪೂರ್ಣ ಹೋಲಿಕೆ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳುವುದು. ಮೊದಲ ಪುಟದ ಸಂಖ್ಯೆಯನ್ನಷ್ಟೇ ನೋಡದೆ, ಹೊಂದಿಕೆಯಾದ ಪ್ರತಿಯೊಂದು ಭಾಗಕ್ಕೂ ಪ್ರತ್ಯೇಕವಾಗಿ ಉತ್ತರ ಬರೆಯುವುದು: ಇದು ಉದ್ಧರಣೆ, ಇದು ಆಕರ ಸೂಚಿ, ಇದು ನನ್ನದೇ ಹಿಂದಿನ ಲೇಖನ, ಇಲ್ಲಿ ಮೂಲವನ್ನು ಬಿಟ್ಟಿರುವುದು ನನ್ನ ತಪ್ಪು. ಆಗಿರುವ ತಪ್ಪನ್ನು ತಪ್ಪೆಂದು ಒಪ್ಪಿಕೊಂಡಲ್ಲಿ ಉಳಿದ ವಿವರಣೆಗೂ ಬೆಲೆ ಬರುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಪಿಎಚ್.ಡಿ. ಮಹಾಪ್ರಬಂಧದಿಂದಲೇ ಲೇಖನವನ್ನು ಪ್ರಕಟಿಸಿದ್ದೇನೆ. ಹೋಲಿಕೆಯು ಹೆಚ್ಚು ಬಂದಿದೆ. ಏನು ಮಾಡಬೇಕು?
ಉತ್ತರ: ಲೇಖನದಲ್ಲಿ ಮಹಾಪ್ರಬಂಧವನ್ನು, ಮಹಾಪ್ರಬಂಧದಲ್ಲಿ ಲೇಖನವನ್ನು ಸ್ಪಷ್ಟವಾಗಿ ಉಲ್ಲೇಖಿಸುವುದು. ಲೇಖನದ ಪ್ರತಿಯನ್ನು ಲಗತ್ತಿಸಿ, ಹೋಲಿಕೆಯ ಮೂಲವನ್ನು ಮಾರ್ಗದರ್ಶಕರ ಮೂಲಕ ಲಿಖಿತವಾಗಿ ತಿಳಿಸುವುದು.

ಪ್ರಶ್ನೆ: ಮೂಲ ಲೇಖಕರ ಹೆಸರನ್ನು ಆಕರ ಸೂಚಿಯಲ್ಲಿ ನೀಡಿದ್ದೇನೆ. ಅಷ್ಟು ಸಾಲದೇ?
ಉತ್ತರ: ಸಾಲದು. ಯಾವ ಮಾತು ಯಾರದು ಎಂಬುದು ಬರಹದ ಆಯಾ ಸ್ಥಳದಲ್ಲಿಯೇ ತಿಳಿಯಬೇಕು. ಯಥಾವತ್ತಾಗಿ ತೆಗೆದುಕೊಂಡ ಮಾತಿಗೆ ಉದ್ಧರಣ ಚಿಹ್ನೆಯೂ ಇರಬೇಕು.

ಪ್ರಶ್ನೆ: ಲೇಖನಕ್ಕೆ ಇಬ್ಬರು ಲೇಖಕರು. ನಕಲು ಮಾಡಿದವರು ಮತ್ತೊಬ್ಬರು. ನಾನು ಹೊಣೆಯೇ?
ಉತ್ತರ: ಹೆಸರನ್ನು ಸೇರಿಸಲು ಒಪ್ಪಿದವರು ಬರಹದ ಹೊಣೆಯಲ್ಲಿಯೂ ಪಾಲುದಾರರು. ಯಾವ ಭಾಗವನ್ನು ಯಾರು ಬರೆದರು ಎಂಬ ದಾಖಲೆಯನ್ನು ಇರಿಸಿಕೊಂಡಿದ್ದಲ್ಲಿ ಸಮಿತಿಯ ಮುಂದೆ ಹಾಜರುಪಡಿಸಬಹುದು.

ಪ್ರಶ್ನೆ: ದೂರು ನೀಡಿ ಮೂರು ತಿಂಗಳು ಮೀರಿದೆ. ಉತ್ತರ ಬಂದಿಲ್ಲ.
ಉತ್ತರ: ಸ್ವೀಕೃತಿಯ ಪ್ರತಿಯೊಂದಿಗೆ ಸಂಸ್ಥೆಯ ಮುಖ್ಯಸ್ಥರಿಗೆ ಜ್ಞಾಪನ ಪತ್ರವನ್ನು ಬರೆಯುವುದು. ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ದೂರಿನ ಸ್ಥಿತಿಗತಿಯ ಮಾಹಿತಿಯನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ ವಿನಾಯಿತಿ ಇರುತ್ತದೆ.

11. ಕೊನೆಯ ಸೂಚನೆ

ಬರಹದಲ್ಲಿ ಮತ್ತೊಬ್ಬರ ಹೆಸರನ್ನು ನಮೂದಿಸುವುದರಿಂದ ಸಂಶೋಧಕರ ಗೌರವವು ಕುಂದುವುದಿಲ್ಲ. ತಮಗಿಂತ ಮುಂಚೆ ದುಡಿದವರನ್ನು ಓದಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಸಂದೇಹವಿದ್ದಲ್ಲಿ ಮೂಲವನ್ನು ತಿಳಿಸುವುದೇ ಕ್ಷೇಮ. ಬರಹವನ್ನು ಸಲ್ಲಿಸುವ ಮುನ್ನ ಒಂದು ಸಾಲಿನಲ್ಲಿ ಮುಗಿಯುವ ಈ ಕೆಲಸವು, ಸಲ್ಲಿಸಿದ ನಂತರ ತಿಂಗಳುಗಟ್ಟಲೆಯ ವಿಚಾರಣೆಯಾಗುತ್ತದೆ.

ಈ ಪುಟದ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಯಾವುದೇ ಭಿನ್ನತೆ ಕಂಡುಬಂದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೂಲ ವಿನಿಯಮಗಳೇ ಅಂತಿಮ. ಆಯಾ ವಿಶ್ವವಿದ್ಯಾಲಯವು ಹೊರಡಿಸಿದ ನಿಯಮಗಳನ್ನೂ ಗ್ರಂಥಾಲಯ ಅಥವಾ ಕುಲಸಚಿವರ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.